ಮೂಳೆ ಹೊರಬಂದ ಕಾಲಿಗೆ ಪಟ್ಟಿಯೋ, ಬೀಡ್ಸೋ, ವ್ಯಾಕ್ ಮಶೀನೋ?

"ಸಿಸ್ಟರ್, ತಮ್ಮನ ಕಾಲು ಬೈಕ್ ಆಕ್ಸಿಡೆಂಟಲ್ಲಿ ಮುರಿದು ಮೂಳೆ ಹೊರಗೆ ಬಂದಿತ್ತು. ಆಪರೇಶನ್ ಆಯ್ತು, ಆದ್ರೆ ಗಾಯ ಹೊಲಿದಿಲ್ಲ. ವ್ಯಾಕ್ ಮಶೀನ್ ಹಾಕಿಸ್ತೀರಾ ಅಂತ ಕೇಳ್ತಿದ್ದಾರೆ, ದಿನದ ಲೆಕ್ಕದಲ್ಲಿ ಬಾಡಿಗೆಯಂತೆ. ಬರೀ ಪಟ್ಟಿ ಹಾಕಿದ್ರೆ ಕಾಲು ಹೋಗುತ್ತಾ?"

ಡೊಂಬಿವಲಿಯಿಂದ, ಪುಣೆಯ ಹಡಪಸರದಿಂದ, ಮಡಗಾಂವ್‌ನಿಂದ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಮುಂಬೈಯ ಮೂಳೆ ವಾರ್ಡಿನಲ್ಲಿ ಇಷ್ಟು ವರ್ಷ ಪಟ್ಟಿ ಕಟ್ಟಿದವಳಾಗಿ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಬಹಳಷ್ಟು ಜನರಲ್ಲಿ ಕಾಲು ಉಳಿಯುವುದು, ಹೋಗುವುದು ಈ ಪಟ್ಟಿಯ ಮೇಲೆ ನಿಂತಿಲ್ಲ. ಆ್ಯಂಟಿಬಯಾಟಿಕ್ ಎಷ್ಟು ಬೇಗ ಬಿತ್ತು, ಗಾಯ ಎಷ್ಟು ಚೆನ್ನಾಗಿ ಶುಚಿಯಾಯಿತು, ಎಷ್ಟು ದಿನದೊಳಗೆ ಚರ್ಮ ಮುಚ್ಚಿತು, ಈ ಮೂರರ ಮೇಲೆ ನಿಂತಿದೆ. ಗಾಯದ ನೀರನ್ನು ಹೀರಿ ತೆಗೆಯುವ ಈ ವ್ಯಾಕ್ ಮಶೀನಿಗೆ ದುಡ್ಡು ಹೊಂದಿಸಲು ಓಡಾಡುವ ಭರದಲ್ಲಿ ಮೂರನೆಯದನ್ನು ಮರೆಯುವವರನ್ನು ಕಂಡು ನನಗೆ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಹಂತಹಂತವಾಗಿ ಬರೆಯುತ್ತಿದ್ದೇನೆ.

ಇದು ಡಾಕ್ಟರ ಬದಲಿಗೆ ಓದುವ ಬರಹವಲ್ಲ. ಡಾಕ್ಟರ ಎದುರು ನಿಂತಾಗ ಏನು ಕೇಳಬೇಕು, ಹಾಸಿಗೆಯ ಪಕ್ಕ ಕೂತಾಗ ಏನು ನೋಡಬೇಕು ಎಂದು ತಿಳಿಯಲು ಓದಿ.

1. ಯಾವ ದರ್ಜೆಯ ಗಾಯ ಎಂದು ಕೇಳಿ ಬರೆದುಕೊಳ್ಳಿ

ಮೂಳೆ ಮುರಿದ ಜಾಗಕ್ಕೂ ಹೊರಗಿನ ಗಾಳಿಗೂ ಗಾಯದ ಮೂಲಕ ಸಂಪರ್ಕ ಬಂದಿದ್ದರೆ ಅದು ತೆರೆದ ಮುರಿತ. ಡಾಕ್ಟರು 'ಓಪನ್ ಫ್ರ್ಯಾಕ್ಚರ್' ಅಥವಾ 'ಕಂಪೌಂಡ್' ಎನ್ನುತ್ತಾರೆ. ಮೂಳೆ ಕಣ್ಣಿಗೆ ಕಾಣಲೇಬೇಕೆಂದಿಲ್ಲ, ಮುರಿದ ಜಾಗಕ್ಕೆ ತಲುಪುವ ಸಣ್ಣ ತೂತಿದ್ದರೂ ಸಾಕು. ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆಯಲ್ಲಿ ಇದು ಹೆಚ್ಚು, ಏಕೆಂದರೆ ಅಲ್ಲಿ ಮೂಳೆಯ ಮೇಲೆ ಬರೀ ಚರ್ಮದ ಹೊದಿಕೆ.

ಕೇಸ್ ಪೇಪರಿನಲ್ಲಿ 'ಗುಸ್ಟಿಲೋ' ಎಂಬ ಹೆಸರಿನ ಮುಂದೆ ಒಂದು ಅಂಕಿ ಇರುತ್ತದೆ. 1976ರಿಂದ ಬಳಕೆಯಲ್ಲಿರುವ ವಿಂಗಡಣೆ ಅದು. ಗಾಯ 1 ಸೆಂಟಿಮೀಟರಿಗಿಂತ ಚಿಕ್ಕದಿದ್ದು ಶುಚಿಯಾಗಿದ್ದರೆ ಮೊದಲ ದರ್ಜೆ. 1ರಿಂದ 10 ಸೆಂಟಿಮೀಟರಿನ ತನಕ ಎರಡನೆಯದು. ಅದಕ್ಕೂ ದೊಡ್ಡ ಗಾಯ ಅಥವಾ ಭಾರೀ ಹೊಡೆತದಿಂದ ಆದದ್ದು ಮೂರನೆಯದು. 1984ರಲ್ಲಿ ಮೂರನೆಯದನ್ನೇ ಮತ್ತೆ ಮೂರು ಭಾಗ ಮಾಡಿದರು: 'ಎ' ಅಂದರೆ ಮೂಳೆಯನ್ನು ಮುಚ್ಚುವಷ್ಟು ಮಾಂಸ, ಚರ್ಮ ಉಳಿದಿದೆ. 'ಬಿ' ಅಂದರೆ ಉಳಿದಿಲ್ಲ, ಬೇರೆ ಕಡೆಯಿಂದ ತಂದು ಮುಚ್ಚಬೇಕು. 'ಸಿ' ಅಂದರೆ ರಕ್ತನಾಳವೇ ಹರಿದಿದೆ, ಅದನ್ನು ಹೊಲಿಯದಿದ್ದರೆ ಕಾಲಿಗೆ ರಕ್ತವೇ ಇಲ್ಲ.

ನಿಮಗೆ ಬೇಕಾದ ಮಾಹಿತಿ ಇಷ್ಟೇ: 'ಬಿ' ಎಂದು ಬರೆದಿದ್ದರೆ ಪ್ಲಾಸ್ಟಿಕ್ ಸರ್ಜನ್ ಬೇಕೇ ಬೇಕು. ಆ ಆಸ್ಪತ್ರೆಯಲ್ಲಿ ಅವರಿದ್ದಾರೆಯೇ? ಮೊದಲ ದಿನವೇ ಕೇಳಿ.

ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು ನಮ್ಮ ದೇಶದ ಗಾಯಗಳನ್ನು ನೋಡಿಯೇ ಒಂದು ಅಂಕಪಟ್ಟಿ ಮಾಡಿದ್ದಾರೆ. ಚರ್ಮ, ಮೂಳೆ, ಸ್ನಾಯು ಮೂರಕ್ಕೂ ಬೇರೆಬೇರೆ ಅಂಕ ಕೊಡುತ್ತಾರೆ. ಕೆಲವು ಡಾಕ್ಟರು ಅದರ ಲೆಕ್ಕದಲ್ಲಿ ಮಾತಾಡಿದರೆ ಗಾಬರಿಯಾಗಬೇಡಿ, ಅಂಕ ಹೆಚ್ಚಾದಷ್ಟೂ ಗಾಯ ಗಂಭೀರ ಎಂದು ತಿಳಿದರೆ ಸಾಕು.

2. ಮೊದಲ ಗಂಟೆ

108ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಅದೇ ನಂಬರ್. ರಕ್ತ ಹರಿಯುವ ಜಾಗವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಾಲನ್ನು ಅಲುಗದಂತೆ ಹಲಗೆಯನ್ನೋ, ದಪ್ಪ ರಟ್ಟನ್ನೋ ಇಟ್ಟು ಕಟ್ಟಿ. ಹೊರಬಂದ ಮೂಳೆಯನ್ನು ಒಳಕ್ಕೆ ತಳ್ಳಬೇಡಿ. ಡೆಟಾಲ್, ಅರಿಶಿನ, ಕಾಫಿಪುಡಿ ಯಾವುದನ್ನೂ ಹಾಕಬೇಡಿ. ಅರಿವಳಿಕೆ ಕೊಡಬೇಕಾಗುವುದರಿಂದ ತಿನ್ನಲು ಕುಡಿಯಲು ಏನೂ ಕೊಡಬೇಡಿ. ನಾಟಿ ಕಟ್ಟಿನವರ ಬಳಿ ಒಯ್ಯುವ ಮಾತು ತೆರೆದ ಮುರಿತದಲ್ಲಿ ಬೇಡವೇ ಬೇಡ.

ಆಸ್ಪತ್ರೆ ಮುಟ್ಟಿದ ಮೇಲೆ ಸಲೈನಿನ ಮೂಲಕ ಆ್ಯಂಟಿಬಯಾಟಿಕ್ ಬೀಳಬೇಕು, ಗಾಯವಾದ ಒಂದು ಗಂಟೆಯೊಳಗೆ ಬಿದ್ದರೆ ಬಹಳ ಒಳ್ಳೆಯದು. ಜೊತೆಗೆ ಧನುರ್ವಾಯು ಬಾರದಂತೆ ಇಂಜೆಕ್ಷನ್. ಎಕ್ಸ್‌ರೇ, ಪೇಪರ್ ಎಂದು ಓಡಾಡುವ ಗಲಾಟೆಯಲ್ಲಿ ಇದು ಹಿಂದೆ ಬೀಳುವುದುಂಟು. "ಆ್ಯಂಟಿಬಯಾಟಿಕ್ ದಿಲಂ ಕಾ?" ಎಂದು ಮರಾಠಿಯಲ್ಲೇ ಕೇಳಿ, ಕೊಟ್ಟ ಹೊತ್ತನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೊಂದು.

ಬಿದ್ದ ಜಾಗ ಯಾವುದೆಂದು ಬಿಡಿಸಿ ಹೇಳಿ. ಮಳೆಗಾಲದ ಗಟಾರವೋ, ಹಳಿಯ ಪಕ್ಕದ ನಾಲೆಯೋ, ಗದ್ದೆಯ ಮಣ್ಣೋ, ಗೋವಾದ ಸಮುದ್ರವೋ? ಅಂಥ ನೀರು, ಮಣ್ಣು ಸೇರಿದ ಗಾಯವನ್ನು ತಡಮಾಡದೆ ಆಪರೇಶನ್‌ಗೆ ಒಯ್ಯಬೇಕು, ಔಷಧವೂ ಬದಲಾಗಬಹುದು.

ಕ್ಯಾಶುವಲ್ಟಿಯಲ್ಲಿ ಗಾಯದ ಫೋಟೋ ತೆಗೆದು, ಸಲೈನಿನಲ್ಲಿ ಅದ್ದಿದ ಗಾಜ್ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮುಚ್ಚುವುದು ಸರಿಯಾದ ಕ್ರಮ. ಒಮ್ಮೆ ಮುಚ್ಚಿದ ಮೇಲೆ ಆಪರೇಶನ್ ಥಿಯೇಟರಿನ ತನಕ ಬಿಚ್ಚಬಾರದು. ನೋಡಲು ಬಂದ ನೆಂಟರಿಗೆ ತೋರಿಸಲು ಬಿಚ್ಚಿಸುವವರನ್ನು ನಾನೇ ಗದರಿಸಿದ್ದೇನೆ. ಬಿಚ್ಚಿದಷ್ಟು ಸಲ ವಾರ್ಡಿನ ಕ್ರಿಮಿ ಒಳಗೆ ಹೋಗುತ್ತದೆ.

3. ಮೊದಲ ಆಪರೇಶನ್: ಗಾಯ ಹೊಲಿಯದೆ ಯಾಕೆ ಬಿಟ್ಟರು?

ಈ ಆಪರೇಶನ್‌ಗೆ 'ಡಿಬ್ರೈಡ್‌ಮೆಂಟ್' ಎನ್ನುತ್ತಾರೆ. ಸತ್ತ ಚರ್ಮ, ಕತ್ತರಿಸಿದರೆ ರಕ್ತ ಒಸರದ ಸ್ನಾಯು, ಬುಡವಿಲ್ಲದೆ ಬಿಡಿಯಾದ ಮೂಳೆಚೂರು, ಎಲ್ಲವನ್ನೂ ತೆಗೆದು ಲೀಟರ್‌ಗಟ್ಟಲೆ ಸಲೈನಿನಿಂದ ತೊಳೆಯುವುದು. ಭಾರೀ ಹೊಡೆತದ ಗಾಯಕ್ಕೆ ಇದು 12 ಗಂಟೆಯೊಳಗೆ, ಉಳಿದವಕ್ಕೆ 24 ಗಂಟೆಯೊಳಗೆ ಆಗಬೇಕೆಂಬುದು ಬ್ರಿಟನ್ನಿನ ಮೂಳೆತಜ್ಞರ ಅಳತೆಗೋಲು. ತೊಳೆಯಲು ದುಬಾರಿ ದ್ರಾವಣ ಬೇಕೇ ಎಂದೂ ಕೇಳುತ್ತೀರಿ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ 2,400ಕ್ಕೂ ಹೆಚ್ಚು ಜನರಿದ್ದರು, ಅದರಲ್ಲಿ ಭಾರತದ ಆಸ್ಪತ್ರೆಗಳೂ ಸೇರಿದ್ದವು. ಬರೀ ಸಲೈನಿನಿಂದ ತೊಳೆದವರಲ್ಲಿ 11.6 ಶೇಕಡಾ ಜನರಿಗೆ ಮತ್ತೆ ಆಪರೇಶನ್ ಬೇಕಾಯಿತು, ಸಾಬೂನು ನೀರಿನಿಂದ ತೊಳೆದವರಲ್ಲಿ 14.8 ಶೇಕಡಾ. ಅಗ್ಗದ ಸಲೈನೇ ಮೇಲಾಯಿತು.

ಮೂಳೆ ಕದಲದಿರಲು ಹೊರಗಿನಿಂದ ಕಬ್ಬಿಣದ ಕಡ್ಡಿಗಳ ಚೌಕಟ್ಟು ಹಾಕಬಹುದು, ಒಳಗೇ ರಾಡ್ ಕೂರಿಸಬಹುದು. ಆಮೇಲೆ ಚರ್ಮ ಎಳೆದರೆ ಸೇರುವಂತಿದ್ದು, ಒಳಗೆ ಶುಚಿಯಾಗಿದೆ ಎಂಬ ನಂಬಿಕೆ ಇದ್ದರೆ ಅಂದೇ ಹೊಲಿಯುತ್ತಾರೆ. ಇಲ್ಲದಿದ್ದರೆ ತೆರೆದೇ ಬಿಡುತ್ತಾರೆ. ಜಜ್ಜಿಹೋದ ಸ್ನಾಯುವಿನಲ್ಲಿ ಎಷ್ಟು ಬದುಕಿದೆ, ಎಷ್ಟು ಸತ್ತಿದೆ ಎಂಬುದು ಒಂದೆರಡು ದಿನ ಕಳೆದ ಮೇಲೇ ಸ್ಪಷ್ಟವಾಗುತ್ತದೆ. ಬಾವು ಇರುವಾಗ ಬಲವಂತವಾಗಿ ಹೊಲಿದರೆ ಚರ್ಮವೂ ಸಾಯುತ್ತದೆ, ಕೀವೂ ಒಳಗೇ ಉಳಿಯುತ್ತದೆ. ಆದ್ದರಿಂದ ಹೊಲಿಯದೆ ಬಿಟ್ಟದ್ದನ್ನು ಅಸಡ್ಡೆ ಎಂದುಕೊಳ್ಳಬೇಡಿ.

ಈ ಆಪರೇಶನ್‌ಗೂ ಗಾಯ ಮುಚ್ಚುವ ಆಪರೇಶನ್‌ಗೂ ನಡುವಿನ ಎರಡು ಮೂರು ದಿನಕ್ಕೆ ಬೇಕಾದದ್ದೇ ತಾತ್ಕಾಲಿಕ ಉಪಚಾರ. 'ತಾತ್ಕಾಲಿಕ' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

4. ಮೂರು ದಾರಿಗಳನ್ನು ತೂಗಿ ನೋಡಿ

ಬರೀ ಪಟ್ಟಿ. ಗಾಯಕ್ಕೆ ಅಂಟದ ಜಿಡ್ಡಿನ ಬಲೆಬಟ್ಟೆ ಅಥವಾ ಒದ್ದೆ ಗಾಜ್, ಮೇಲೆ ದಪ್ಪ ಪ್ಯಾಡ್, ಅದರ ಮೇಲೆ ಸುತ್ತುಪಟ್ಟಿ. ಎಲ್ಲ ಆಸ್ಪತ್ರೆಯಲ್ಲೂ ಸಿಗುತ್ತದೆ, ಕರೆಂಟ್ ಬೇಡ, ಖರ್ಚು ಕಡಿಮೆ. ತೊಂದರೆ ಎಂದರೆ ಗಾಯದ ನೀರು ಹೆಚ್ಚಿದ್ದರೆ ಪಟ್ಟಿ ನೆನೆದು ಹೊರಗಿನ ತನಕ ಬರುತ್ತದೆ. ನೆನೆದ ಪಟ್ಟಿ ಕ್ರಿಮಿಗಳಿಗೆ ಸೇತುವೆ, ಬದಲಿಸಲೇಬೇಕು. ಬದಲಿಸುವಾಗ ನೋವು. ಒಣಗಿ ಅಂಟಿದ ಗಾಜನ್ನು ಎಳೆದರೆ ಬೆಳೆಯುತ್ತಿದ್ದ ಕೆಂಪು ಮಾಂಸವೂ ಕಿತ್ತು ಬರುತ್ತದೆ. ಅಂಟಿದ್ದರೆ "ಸಲೈನ್ ಹಾಕಿ ನೆನೆಸಿ ತೆಗೆಯಿರಿ" ಎಂದು ಕೇಳುವ ಹಕ್ಕು ನಿಮಗಿದೆ.

ಬೀಡ್ಸ್. ಮೂಳೆಗೆ ಬಳಸುವ ಸಿಮೆಂಟಿಗೆ ಬಿಸಿಗೆ ಕೆಡದ ಆ್ಯಂಟಿಬಯಾಟಿಕ್ ಪುಡಿ, ಹೆಚ್ಚಾಗಿ ವ್ಯಾಂಕೋಮೈಸಿನ್ ಅಥವಾ ಜೆಂಟಮೈಸಿನ್, ಕಲಸಿ ಗುಂಡು ಮಾಡಿ ತಂತಿಗೆ ಪೋಣಿಸುತ್ತಾರೆ. ನೋಡಲು ಜಪಮಣಿಯಂತೆಯೇ ಇರುತ್ತದೆ. ಅದನ್ನು ಗಾಯದ ಗುಂಡಿಯಲ್ಲಿಟ್ಟು ಮೇಲೆ ಪಾರದರ್ಶಕ ಹಾಳೆ ಅಂಟಿಸಿದರೆ ಒಳಗೆ ಔಷಧ ಮಡುಗಟ್ಟಿ ನಿಲ್ಲುತ್ತದೆ. ರಕ್ತದ ಮೂಲಕ ಕೊಟ್ಟು ಮುಟ್ಟಲಾಗದಷ್ಟು ಔಷಧ ಅದೇ ಜಾಗದಲ್ಲಿ ಸಿಗುತ್ತದೆ, ಅದೂ ಇಡೀ ಮೈಗೆ ಭಾರವಾಗದೆ. ಮೂಳೆ ಒಂದಿಷ್ಟು ಕಳೆದುಹೋಗಿ ಗುಂಡಿ ಬಿದ್ದಿದ್ದರೆ, ಮಣ್ಣು ಹೆಚ್ಚು ಸೇರಿದ್ದರೆ ಸರ್ಜನ್ ಇದನ್ನು ಆರಿಸಿಕೊಳ್ಳುತ್ತಾರೆ. ಮುಂದಿನ ಆಪರೇಶನ್‌ನಲ್ಲಿ ಮಣಿಗಳನ್ನು ಎಣಿಸಿ ಹೊರತೆಗೆಯಬೇಕು. ಎಷ್ಟು ಹಾಕಿದ್ದಾರೆ ಎಂಬುದು ಪೇಪರಿನಲ್ಲಿ ಇರಲಿ.

ವ್ಯಾಕ್. ಗಾಳಿ ಹೀರುವ ಚಿಕಿತ್ಸೆ. ಗಾಯದ ಆಕಾರಕ್ಕೆ ಕತ್ತರಿಸಿದ ಕಪ್ಪು ಸ್ಪಂಜು, ಮೇಲೆ ಅಂಟುಹಾಳೆ, ಅದರಲ್ಲಿ ಒಂದು ತೂತು, ತೂತಿನಿಂದ ನಳಿಗೆ, ನಳಿಗೆಯ ಕೊನೆಯಲ್ಲಿ ಡಬ್ಬಿ ಇರುವ ಮಶೀನ್. ಸಾಮಾನ್ಯವಾಗಿ 125 ಮಿಲಿಮೀಟರ್ ಪಾದರಸದಷ್ಟು ಹೀರುವಿಕೆ ಇಡುತ್ತಾರೆ. ಮಶೀನ್ ಶುರುವಾದ ಕ್ಷಣ ಮೆತ್ತಗಿದ್ದ ಸ್ಪಂಜು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ ಕುಗ್ಗುತ್ತದೆ, ಬೆರಳಿಂದ ಒತ್ತಿದರೆ ಗಟ್ಟಿ. ಗಾಯದ ನೀರು ಡಬ್ಬಿಗೆ ಹೋಗುತ್ತದೆ, ಬಾವು ಇಳಿಯಲು ನೆರವಾಗುತ್ತದೆ, ಎರಡು ಮೂರು ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಹಾಸಿಗೆ ಒದ್ದೆಯಾಗುವುದಿಲ್ಲ, ವಾಸನೆ ಕಡಿಮೆ. ರೋಗಿಗೂ ನಮಗೂ ಇದು ನೆಮ್ಮದಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಹಾಗಾದರೆ ಪಟ್ಟಿಗಿಂತ ಇದರಿಂದ ಕಾಲು ಚೆನ್ನಾಗಿ ಉಳಿಯುತ್ತದೆಯೇ? 2009ರಲ್ಲಿ ಅಮೆರಿಕದಿಂದ ಬಂದ, ಅರವತ್ತರ ಆಸುಪಾಸಿನ ಜನರ ಸಣ್ಣ ಅಧ್ಯಯನವೊಂದು ಹೌದು ಎಂದಿತು. ಪಟ್ಟಿ ಹಾಕಿದವರಲ್ಲಿ ಸೋಂಕು 28 ಶೇಕಡಾ, ವ್ಯಾಕ್ ಹಾಕಿದವರಲ್ಲಿ 5.4. ಅಂಥ ಅಂಕಿ ನೋಡಿದರೆ ಯಾರಿಗಾದರೂ ಮಶೀನೇ ಬೇಕೆನಿಸುತ್ತದೆ.

ಆಮೇಲೆ ಬ್ರಿಟನ್ನಿನಲ್ಲಿ ಇದನ್ನೇ ದೊಡ್ಡದಾಗಿ ಪರೀಕ್ಷಿಸಿದರು. 24 ಆಸ್ಪತ್ರೆ, 460 ಜನ, ಎಲ್ಲರದೂ ಮೊದಲ ಆಪರೇಶನ್‌ನಲ್ಲಿ ಹೊಲಿಯಲಾಗದ ಕಾಲಿನ ತೆರೆದ ಮುರಿತ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ 30 ದಿನದಲ್ಲಿ ಆಳದ ಸೋಂಕು ವ್ಯಾಕ್‌ನವರಲ್ಲಿ 7.1 ಶೇಕಡಾ, ಪಟ್ಟಿಯವರಲ್ಲಿ 8.1. ಒಂದು ವರ್ಷದ ಮೇಲೆ ನಡೆದಾಟ, ಕೆಲಸಕಾರ್ಯ ಎಷ್ಟು ಕಷ್ಟ ಎಂದು 100ಕ್ಕೆ ಅಳೆದರು, ಅಂಕ ಹೆಚ್ಚಿದ್ದಷ್ಟೂ ಕಷ್ಟ ಹೆಚ್ಚು. ವ್ಯಾಕ್‌ನವರದು 45.5, ಪಟ್ಟಿಯವರದು 42.4. ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ಅಂದರೆ ಎರಡೂ ಸಮ. ಖರ್ಚಿನ ಲೆಕ್ಕ ಹಾಕಿದಾಗಲೂ ವ್ಯಾಕ್‌ಗೆ ಹಾಕಿದ ಹಣಕ್ಕೆ ತಕ್ಕ ಲಾಭ ಕಾಣಲಿಲ್ಲ.

ಒಂದು ಎಚ್ಚರಿಕೆಯ ಮಾತು. ಆ ಪರೀಕ್ಷೆ ನಡೆದದ್ದು ದೊಡ್ಡ ಗಾಯಗಳಿಗೆಂದೇ ಇರುವ ಆಸ್ಪತ್ರೆಗಳಲ್ಲಿ. ಅಲ್ಲಿ ಮೂಳೆ ಡಾಕ್ಟರೂ ಪ್ಲಾಸ್ಟಿಕ್ ಸರ್ಜನ್ನರೂ ಜೊತೆಗಿರುತ್ತಾರೆ, ಗಾಯ ಬೇಗ ಮುಚ್ಚುತ್ತಾರೆ. ನಮ್ಮಲ್ಲಿ ಪ್ಲಾಸ್ಟಿಕ್ ಸರ್ಜರಿಯ ಪಾಳಿ ಐದಾರು ದಿನ ಮುಂದೆ ಹೋದರೆ, ಗಾಯದ ನೀರು ಧಾರಾಕಾರವಾಗಿದ್ದರೆ, ದಿನಕ್ಕೆರಡು ಸಲ ಪಟ್ಟಿ ಬದಲಿಸುವ ನೋವು ರೋಗಿಗೆ ತಡೆಯಲಾಗದಿದ್ದರೆ ವ್ಯಾಕ್ ಒಳ್ಳೆಯ ಸಂಗಾತಿ ಎಂಬುದು ನನ್ನ ಅನುಭವ. ಎರಡು ದಿನದಲ್ಲಿ ಫ್ಲ್ಯಾಪ್, ಅಂದರೆ ಬೇರೆ ಕಡೆಯ ಮಾಂಸ, ಚರ್ಮ ತಂದು ಗಾಯ ಮುಚ್ಚುವ ಆಪರೇಶನ್, ಎಂದು ದಿನ ಗೊತ್ತಾಗಿದ್ದರೆ, ಕೈಯಲ್ಲಿ ಕಾಸಿಲ್ಲದಿದ್ದರೆ, ಬರೀ ಪಟ್ಟಿ ಹಾಕಿಸಿಕೊಂಡದ್ದಕ್ಕೆ ಮನಸ್ಸಿನಲ್ಲಿ ಅಪರಾಧ ಹೊತ್ತುಕೊಳ್ಳಬೇಡಿ.

ವ್ಯಾಕ್ ಹಾಕಬಾರದ ಸಂದರ್ಭಗಳೂ ಇವೆ. ರಕ್ತನಾಳ ತೆರೆದು ಕಾಣುತ್ತಿದ್ದರೆ ಅದರ ಮೇಲೆ ನೇರವಾಗಿ ಸ್ಪಂಜು ಇಡುವಂತಿಲ್ಲ. ಸತ್ತ ಮಾಂಸ ಉಳಿದಿರುವಾಗ ಹಾಕಿದರೆ ಒಳಗಿನ ಕೊಳೆ ಮುಚ್ಚಿಹೋಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು.

ಬಾಡಿಗೆ ಮಶೀನಿನ ಬದಲು ಆಸ್ಪತ್ರೆಯ ಗೋಡೆಯಲ್ಲಿರುವ ಸಕ್ಷನ್‌ಗೇ, ಅಂದರೆ ಗಾಳಿ ಹೀರುವ ಕೊಳವೆಗೇ, ಸ್ಪಂಜು, ನಳಿಗೆ ಜೋಡಿಸುವ ಪದ್ಧತಿಯೂ ನಮ್ಮ ಕಡೆ ಇದೆ. ತಿಳಿದವರು ಮಾಡಿದರೆ ಕೆಲಸ ನಡೆಯುತ್ತದೆ. ಒತ್ತಡ ಎಷ್ಟಿದೆ, ಯಾರು ಎಷ್ಟು ಹೊತ್ತಿಗೊಮ್ಮೆ ನೋಡುತ್ತಾರೆ ಎಂದು ಮಾತ್ರ ಕೇಳಿ, ಏಕೆಂದರೆ ಅದಕ್ಕೆ ಮಶೀನಿನಂತೆ ಕೂಗಿ ಎಚ್ಚರಿಸುವ ಗಂಟೆ ಇರುವುದಿಲ್ಲ.

5. ಸಹಿ ಹಾಕುವ ಮುನ್ನ

ರೌಂಡ್ಸಿಗೆ ಬಂದ ಡಾಕ್ಟರ ಹತ್ತಿರ ಇಷ್ಟು ಕೇಳಿ: ಗಾಯ ಯಾವತ್ತು ಮುಚ್ಚುತ್ತೀರಿ? ಯಾರು ಮುಚ್ಚುತ್ತಾರೆ? ಅಲ್ಲಿಯ ತನಕ ಇದು ಎಷ್ಟು ಸಲ ಬದಲಾಗುತ್ತದೆ? ಬರೀ ಪಟ್ಟಿಯಲ್ಲಿ ಈ ಗಾಯಕ್ಕೆ ಏನು ತೊಂದರೆ? ಕೊನೆಯ ಪ್ರಶ್ನೆಗೆ ಗಾಯವನ್ನೇ ತೋರಿಸಿ ಉತ್ತರ ಕೊಟ್ಟರೆ ಆ ಮಾತಿಗೆ ಬೆಲೆ ಕೊಡಿ.

ಮುಚ್ಚುವ ಕೆಲಸ 72 ಗಂಟೆಯೊಳಗೆ ಆದರೆ ಒಳ್ಳೆಯದೆಂಬುದು 1986ರಿಂದಲೂ ತಜ್ಞರು ಹೇಳಿಕೊಂಡು ಬಂದ ಮಾತು. ವ್ಯಾಕ್ ಹಾಕಿದೆ, ಇನ್ನು ನಿಧಾನವಾದರೂ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಶೀನ್ ಇದ್ದರೂ ದಿನ ಮುಂದೆ ಹೋದಷ್ಟೂ ಸೋಂಕಿನ ಭಯ ಏರುತ್ತದೆ. ನನ್ನ ಕಣ್ಣೆದುರು ಕುಂದಾಪುರ ಕಡೆಯ ಹೋಟೆಲ್ ಹುಡುಗನೊಬ್ಬನಿಗೆ ಹನ್ನೆರಡು ದಿನ ವ್ಯಾಕ್ ನಡೆಯಿತು, ಅಣ್ಣ ಅತ್ತಿಗೆಯ ಸರ ಒತ್ತೆಯಿಟ್ಟ. ಫ್ಲ್ಯಾಪ್ ಯಾವಾಗ ಎಂದು ಆ ಹನ್ನೆರಡು ದಿನ ಮನೆಯವರು ಯಾರೂ ಕೇಳಿರಲಿಲ್ಲ.

ಹಣದ ದಾರಿಗಳು: ರಸ್ತೆ ಅಪಘಾತವಾದರೆ ಕೇಂದ್ರ ಸರ್ಕಾರ 2025ರಲ್ಲಿ ತಂದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ಒಬ್ಬರಿಗೆ 1.5 ಲಕ್ಷ ರೂಪಾಯಿ ತನಕ, ಅಪಘಾತದ ದಿನದಿಂದ 7 ದಿನದ ಚಿಕಿತ್ಸೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅವಕಾಶವಿದೆ. ಪೊಲೀಸ್ ದಾಖಲೆ ಬೇಕಾಗುವುದರಿಂದ ಎಂಎಲ್‌ಸಿ, ಅಂದರೆ ಅಪಘಾತದ ಕಾನೂನು ನೋಂದಣಿ, ಮಾಡಿಸಲು ಹಿಂಜರಿಯಬೇಡಿ. ಲೋಕಲ್ ರೈಲಿನಿಂದ ಬಿದ್ದವರಿಗೆ ಇದು ಅನ್ವಯಿಸದು. ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದರೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಬಗ್ಗೆ ಆಸ್ಪತ್ರೆಯ 'ಆರೋಗ್ಯಮಿತ್ರ'ರ ಮೇಜಿನಲ್ಲಿ ವಿಚಾರಿಸಿ. ಊರಿನ ಆಯುಷ್ಮಾನ್ ಕಾರ್ಡನ್ನೂ ತೋರಿಸಿ. ಗೋವಾದಲ್ಲಿ ಹಲವು ವರ್ಷ ನೆಲೆಸಿದವರಿಗೆ ದೀನ ದಯಾಳ ಸ್ವಾಸ್ಥ್ಯ ಸೇವಾ ಯೋಜನೆ ಇದೆ. ಯೋಜನೆಯಲ್ಲಿ ವ್ಯಾಕ್ ಸೇರಿದೆಯೋ ಇಲ್ಲವೋ ಎಂದು ಪ್ರತ್ಯೇಕವಾಗಿ ಕೇಳಿ. ಮುಂಬೈಯಲ್ಲಿ ಪರೇಲಿನ ಕೆಇಎಂ, ಸಯಾನ್ ಆಸ್ಪತ್ರೆ, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಮೆಡಿಕಲ್ ಕಾಲೇಜು, ಇವೆಲ್ಲ ಮೂಳೆ ಮತ್ತು ಪ್ಲಾಸ್ಟಿಕ್ ಸರ್ಜರಿ ಎರಡೂ ವಿಭಾಗವಿರುವ ಸಾರ್ವಜನಿಕ ಆಸ್ಪತ್ರೆಗಳು.

6. ಹಾಸಿಗೆಯ ಪಕ್ಕ ಕೂತವರ ಕೆಲಸ

ಬರೀ ಪಟ್ಟಿಯಾದರೆ, ಮೇಲೆ ಕಲೆ ಕಂಡ ಕೂಡಲೇ ಬಾಲ್‌ಪೆನ್ನಿನಿಂದ ಕಲೆಯ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಎರಡು ಗಂಟೆ ಬಿಟ್ಟು ನೋಡಿ. ಗೆರೆ ದಾಟಿ ಎಷ್ಟು ಹರಡಿದೆ ಎಂಬುದು "ಸ್ವಲ್ಪ ರಕ್ತ ಬರ್ತಿದೆ ಸಿಸ್ಟರ್" ಎನ್ನುವುದಕ್ಕಿಂತ ನಮಗೆ ಹತ್ತು ಪಾಲು ಉಪಯೋಗ.

ವ್ಯಾಕ್ ಆದರೆ ಸ್ಪಂಜು ಸುಕ್ಕಾಗಿಯೇ ಇದೆಯೇ ನೋಡಿ. ಉಬ್ಬಿ ಮೆತ್ತಗಾದರೆ ಗಾಳಿ ಸೋರುತ್ತಿದೆ ಎಂದರ್ಥ, ಹಾಳೆಯ ಅಂಚಿನಲ್ಲಿ ಸುಯ್ ಎನ್ನುವ ಸದ್ದೂ ಕೇಳಬಹುದು. ಮಶೀನ್ ಎರಡು ಗಂಟೆಗಿಂತ ಹೆಚ್ಚು ಹೊತ್ತು ನಿಂತಿದ್ದರೆ ಸ್ಪಂಜನ್ನು ತೆಗೆಸಿ ಒದ್ದೆ ಪಟ್ಟಿ ಹಾಕಿಸಲೇಬೇಕು, ನಿಂತ ಸ್ಪಂಜು ಕೊಳೆನೀರಿನ ಗೂಡಾಗುತ್ತದೆ. ಫೋನ್ ಚಾರ್ಜ್ ಮಾಡಲು ಮಶೀನಿನ ಪ್ಲಗ್ ಕೀಳುವವರಿದ್ದಾರೆ, ರಾತ್ರಿ ಅದರ ಮೇಲೆ ಕಣ್ಣಿಡಿ. "ಮಶೀನ್ ಬಂದ್ ಪಡಲೀ" ಎಂದರೆ ವಾರ್ಡಿನ ಮಾಮಾ, ಮಾವಶಿಯರಿಗೂ ತಿಳಿಯುತ್ತದೆ. ನಳಿಗೆಯಲ್ಲಿ ತಿಳಿಗೆಂಪು ನೀರು ಬರುವುದು ಸಹಜ. ಗಾಢ ಕೆಂಪು ರಕ್ತ ಸರಸರನೆ ಬಂದರೆ ಆ ಕ್ಷಣವೇ ಕೂಗಿ ಕರೆಯಿರಿ, ಮಶೀನ್ ನಿಲ್ಲಿಸಿಸಿ. ಎಷ್ಟು ತುಂಡು ಸ್ಪಂಜು ಒಳಗಿದೆ ಎಂದು ಹಾಳೆಯ ಮೇಲೇ ಬರೆಸಿಕೊಳ್ಳಿ. ಒಂದು ತುಂಡು ಒಳಗೆ ಉಳಿದರೂ ಕೀವು ತಪ್ಪಿದ್ದಲ್ಲ.

ಯಾವ ಉಪಚಾರವಾದರೂ ಕಾಲಿನ ಬೆರಳುಗಳು ಪಟ್ಟಿಯ ಹೊರಗೆ ಕಾಣುತ್ತಿರಬೇಕು. ಡಾಕ್ಟರು "ಬೋಟಂ ಹಲವಾ" ಎನ್ನುವುದು ಬೆರಳು ಅಲ್ಲಾಡಿಸಿ ಎಂದು. ಬೆರಳನ್ನು ನೀವು ಮೆಲ್ಲಗೆ ಮೇಲಕ್ಕೆತ್ತಿದರೆ ಮೀನಖಂಡದಲ್ಲಿ ಪ್ರಾಣ ಹೋಗುವಂಥ ನೋವು, ಇಂಜೆಕ್ಷನ್‌ಗೂ ಬಗ್ಗದ ನೋವು, ಬೆರಳು ತಣ್ಣಗೆ ಅಥವಾ ಜೋಮು: ಇವು ಕಾಲಿನೊಳಗೆ ಒತ್ತಡ ಏರಿದ ಲಕ್ಷಣ. ಬೆಳಿಗ್ಗೆಯ ರೌಂಡ್ಸಿಗೆ ಕಾಯಬೇಡಿ. ಜ್ವರ, ಚಳಿನಡುಕ, ಕೆಟ್ಟ ವಾಸನೆ, ಗಾಯದ ಸುತ್ತ ಹರಡುವ ಕೆಂಪು ಕಂಡರೂ ಅಷ್ಟೇ.

ಬೀಡಿ, ಸಿಗರೇಟು, ಗುಟ್ಕಾ ನಿಲ್ಲಿಸಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿದು ಚರ್ಮವನ್ನೂ ಮೂಳೆಯನ್ನೂ ಹಸಿವಿಗೆ ಕೆಡವುತ್ತದೆ. ಮೊಟ್ಟೆ, ಬೇಳೆ, ಮೀನು ಕೊಡಿ. ಮೀನು ತಿಂದರೆ ಕೀವಾಗುತ್ತದೆ ಎಂಬ ಪಥ್ಯ ಬಿಡಿ. ಸಕ್ಕರೆ ಕಾಯಿಲೆ ಇದ್ದರೆ ದಿನವೂ ಅಳತೆ ನೋಡಿಸಿ.

7. "ಊರಿಗೆ ಕರೆದೊಯ್ಯೋಣ" ಎನ್ನುವ ಮುನ್ನ

ನಮ್ಮವರು ಹೆಚ್ಚು ಎಡವುವುದು ಇಲ್ಲೇ. ನಾಲ್ಕೈದು ದಿನವಾಗುವಾಗ ಊರಿಂದ ಮಾವನೋ ದೊಡ್ಡಪ್ಪನೋ ಬಂದು, ಇಲ್ಲಿ ನೋಡಿಕೊಳ್ಳುವವರಿಲ್ಲ, ಕಲಬುರಗಿಗೋ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗೋಣ ಎನ್ನುತ್ತಾರೆ. ಸ್ಲೀಪರ್ ಬಸ್ಸಿನಲ್ಲಿ ರಾತ್ರಿಯಿಡೀ ಕುಲುಕಾಡಿ, ವ್ಯಾಕ್ ಬಿಚ್ಚಿ, ಪಟ್ಟಿ ನೆನೆದು, ಅಲ್ಲಿ ಮತ್ತೆ ಮೊದಲಿನಿಂದ ಪರೀಕ್ಷೆ. ಮುಚ್ಚಬೇಕಾದ ದಿನ ಅಷ್ಟರಲ್ಲಿ ದಾಟಿರುತ್ತದೆ.

ಹೋಗುವುದೇ ಆದರೆ ಮೊದಲ ಒಂದೆರಡು ದಿನದಲ್ಲೇ ತೀರ್ಮಾನಿಸಿ, ಚೌಕಟ್ಟು ಹಾಕಿ ಕಾಲು ಭದ್ರವಾದ ಮೇಲೆ ಆಂಬುಲೆನ್ಸಿನಲ್ಲಿ ಹೋಗಿ. ಅತ್ತಲಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಪ್ಲಾಸ್ಟಿಕ್ ಸರ್ಜನ್ ಇದ್ದಾರೆ, ಹಾಸಿಗೆ ಇದೆ ಎಂದು ಖಾತ್ರಿ ಮಾಡಿಕೊಳ್ಳಿ. ಗಾಯದ ಫೋಟೋ, ಎಕ್ಸ್‌ರೇ, ಆಪರೇಶನ್ ನೋಟ್ ಕೈಯಲ್ಲಿರಲಿ. ಇಲ್ಲವಾದರೆ ಫ್ಲ್ಯಾಪ್ ಮುಗಿದು, ಅದು ಹಿಡಿದುಕೊಂಡಿದೆ ಎಂದು ಡಾಕ್ಟರು ಹೇಳುವ ತನಕ ಇಲ್ಲೇ ಇರಿ. ನೋಡಿಕೊಳ್ಳಲು ಜನ ಸಾಲದಿದ್ದರೆ ಊರವರನ್ನು ಇಲ್ಲಿಗೆ ಕರೆಸಿ.

8. ಗಾಯ ಮುಚ್ಚಿದ ಮೇಲೆ

ತೊಡೆಯಿಂದ ತೆಳುವಾಗಿ ಕೆರೆದ ಚರ್ಮ ಅಂಟಿಸುವುದು ಗ್ರಾಫ್ಟ್. ರಕ್ತನಾಳದ ಸಮೇತ ಮಾಂಸ, ಚರ್ಮ ತಂದು ಕೂರಿಸುವುದು ಫ್ಲ್ಯಾಪ್. ಬತ್ತಲೆ ಮೂಳೆಯ ಮೇಲೆ ಗ್ರಾಫ್ಟ್ ನಿಲ್ಲುವುದಿಲ್ಲ, ಫ್ಲ್ಯಾಪೇ ಬೇಕು. ಮೊದಲ ಎರಡು ಮೂರು ದಿನ ಫ್ಲ್ಯಾಪಿನ ಬಣ್ಣ ಗಮನಿಸಿ: ನೀಲಿಗಟ್ಟಿದರೂ ಬಿಳಿಚಿಕೊಂಡರೂ ರಾತ್ರಿ ಎರಡು ಗಂಟೆಗಾದರೂ ಸರಿ, ಡಾಕ್ಟರನ್ನು ಎಬ್ಬಿಸಿ. ಕೆಲವು ಗಂಟೆಗಳೊಳಗೆ ಥಿಯೇಟರಿಗೆ ಒಯ್ದರೆ ಉಳಿಸಬಹುದು.

ಮೂಳೆ ಕೂಡಲು ತಿಂಗಳುಗಳು ಬೇಕು. ಕಾಲೂರುವುದು ಯಾವಾಗ, ಎಷ್ಟು ಭಾರ ಹಾಕಬೇಕು ಎಂಬುದನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿ, ಅಕ್ಷರ ತಿಳಿಯದಿದ್ದರೆ ಅಲ್ಲೇ ಓದಿಸಿಕೊಳ್ಳಿ. ಒಳಗೆ ಹಾಕಿದ ರಾಡು, ಪ್ಲೇಟಿನ ಪೊಟ್ಟಣದ ಮೇಲಿದ್ದ ಸ್ಟಿಕ್ಕರ್ ಕೇಸ್ ಪೇಪರಿಗೆ ಅಂಟಿಸಿರುತ್ತಾರೆ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಒಂದೆರಡು ವರ್ಷದ ಮೇಲೆ ಊರಲ್ಲಿ ರಾಡ್ ತೆಗೆಸಬೇಕಾಗಿ ಬಂದರೆ ಅಲ್ಲಿನ ಡಾಕ್ಟರಿಗೆ ಯಾವ ಸ್ಕ್ರೂಡ್ರೈವರ್ ಬೇಕೆಂದು ಆ ಸ್ಟಿಕ್ಕರ್ ನೋಡಿಯೇ ಗೊತ್ತಾಗುವುದು.